ಚಳಿಗಾಲದ ಹೂಗಡ್ಡೆ: ಹೂ ಬೇಕಾದ ದಿನದಿಂದ ಹಿಂದಕ್ಕೆ ಎಣಿಸಿ ನಾಟಿ ಮಾಡಿ



ದಸರಾ ಮುಗಿದು ಬೆಳಗಿನ ಥಂಡಿ ಶುರುವಾಯಿತೆಂದರೆ ಮೊಬೈಲ್‌ನಲ್ಲಿ ಬಣ್ಣಬಣ್ಣದ ಟುಲಿಪ್, ಡ್ಯಾಫೋಡಿಲ್ ಗಡ್ಡೆಗಳ ಜಾಹೀರಾತು ಬರತೊಡಗುತ್ತವೆ. 'ಸರ್, ಇವು ನಮ್ಮ ಶಹಾಪುರದಾಗ ಬರ್ತಾವೇನ್ರಿ?' ಎಂದು ಕೇಳುವವರು ಪ್ರತಿ ವರ್ಷ ಇದ್ದಾರೆ. ನೇರವಾಗಿ ಹೇಳುತ್ತೇನೆ: ಬರೋದಿಲ್ರಿ, ದುಡ್ಡು ಹಾಕಬ್ಯಾಡ್ರಿ. ಟುಲಿಪ್ ಗಡ್ಡೆ ಒಳಗಿನ ಮೊಗ್ಗು ಮೇಲೇಳಬೇಕಾದರೆ 12ರಿಂದ 16 ವಾರ 10 ಡಿಗ್ರಿಗಿಂತ ಕಡಿಮೆ ತಂಪು ಸಿಗಬೇಕು. ಕಾಶ್ಮೀರದಲ್ಲಿ ಅದು ತಾನಾಗಿಯೇ ಸಿಗುತ್ತದೆ. ನಮ್ಮಲ್ಲಿ ಒಂದೆರಡು ರಾತ್ರಿ ಗಡಗಡ ನಡುಗಿಸಿದರೂ ಹಗಲು ಬಿಸಿಲು 30 ಡಿಗ್ರಿ ಹತ್ತಿರ ಇರುತ್ತದೆ.

ಆದರೆ ನಮ್ಮ ಚಳಿಗಾಲಕ್ಕೆ ಹೊಂದುವ ಹೂಗಡ್ಡೆ ಒಂದಿದೆ. ಅದು ಗ್ಲಾಡಿಯೋಲಸ್. ಮದುವೆ ಮಂಟಪದ ಎರಡೂ ಬದಿ, ಸಭೆಯ ವೇದಿಕೆ ಮುಂದೆ ಉದ್ದ ಕಡ್ಡಿಯಲ್ಲಿ ಸಾಲಾಗಿ ಅರಳಿ ನಿಲ್ಲುವ ಹೂ. ಸುಗಂಧರಾಜ ನಮ್ಮಲ್ಲಿ ಚೆನ್ನಾಗಿ ಬಂದರೂ ಚಳಿಗೆ ಅದರ ಕಡ್ಡಿ ಕಡಿಮೆಯಾಗುತ್ತದೆ. ಗ್ಲಾಡಿಯೋಲಸ್‌ಗೆ ಅದೇ ಹೊತ್ತು ಒಳ್ಳೆಯದು. ಇವತ್ತಿನ ಪಾಠದಲ್ಲಿ ಹೇಳುವುದು ಮುಖ್ಯವಾಗಿ ಒಂದೇ ಮಾತು: ನಾಟಿ ದಿನವನ್ನು ಪುರುಸೊತ್ತು ನೋಡಿ ಗೊತ್ತು ಮಾಡಬೇಡಿ, ಹೂ ಬೇಕಾದ ದಿನದಿಂದ ಹಿಂದಕ್ಕೆ ಎಣಿಸಿ ಗೊತ್ತು ಮಾಡಿ.

ನಾನು ಮಾಡಿದ ತಪ್ಪು

ಮೊದಲ ಸಲ ನಾನು ಗಡ್ಡೆ ತಂದದ್ದು ಡಿಸೆಂಬರ್ ಮಧ್ಯದಲ್ಲಿ. ದಪ್ಪಗೆ, ಹೊಳೆಯುವ ಗಡ್ಡೆ. ನೋಡಿ ಖುಷಿಯಾಗಿ ಅವತ್ತೇ ಹಚ್ಚಿದೆ. ತಿಂಗಳಾದರೂ ಅರ್ಧಕ್ಕರ್ಧ ಮೊಳಕೆ ಬರಲಿಲ್ಲ. ಅಗೆದು ನೋಡಿದರೆ ಕೊಳೆತಿರಲಿಲ್ಲ, ಸುಮ್ಮನೆ ಮಲಗಿದ್ದವು. ಕೊನೆಗೆ ಎದ್ದ ಗಿಡಗಳಿಗೆ ಕಡ್ಡಿ ಬಂದದ್ದು ಮಾರ್ಚ್ ಕೊನೆಯಲ್ಲಿ. ಅಷ್ಟೊತ್ತಿಗೆ ಬಿಸಿಲು ಏರಿ, ಕಾಲುವೆ ನೀರೂ ನಿಂತಿತ್ತು. ಕಡ್ಡಿ ಗಿಡ್ಡ, ತುದಿಯ ಮೊಗ್ಗು ಅರಳದೇ ಒಣಗಿದವು. ಗಡ್ಡೆಗೆ ಹಾಕಿದ ದುಡ್ಡೂ ಬರಲಿಲ್ಲ.

ತಪ್ಪು ಎರಡಿದ್ದವು. ಗಡ್ಡೆ ನಿದ್ದೆಯಲ್ಲಿದೆಯೋ ಎಚ್ಚರಾಗಿದೆಯೋ ನೋಡಲಿಲ್ಲ. ಹೂ ಯಾವತ್ತು ಬರುತ್ತದೆಂದು ಎಣಿಸಲಿಲ್ಲ.

ಗಡ್ಡೆಯ ನಿದ್ದೆ ಎಂದರೇನು?

ಉಳ್ಳಾಗಡ್ಡಿಯನ್ನು ಅಡ್ಡ ಕೊಯ್ದರೆ ಪದರ ಪದರ ಕಾಣುತ್ತದೆ. ಗ್ಲಾಡಿಯೋಲಸ್ ಗಡ್ಡೆ ಹಾಗಲ್ಲ, ಒಳಗೆ ಗಟ್ಟಿ ತಿರುಳು. ಅದು ಊದಿಕೊಂಡ ಕಾಂಡ. ನಾಟಿ ಮಾಡಿದ ಗಡ್ಡೆ ಗಿಡಕ್ಕೆ ಆಹಾರ ಕೊಟ್ಟು ಸೊರಗಿ ಹೋಗುತ್ತದೆ, ಅದರ ತಲೆಯ ಮೇಲೆ ಹೊಸ ಗಡ್ಡೆ ಕಟ್ಟುತ್ತದೆ, ಸುತ್ತಲೂ ಕಾಳಿನಂಥ ಮರಿಗಡ್ಡೆ ಹುಟ್ಟುತ್ತವೆ.

ಹೊಲದಿಂದ ಆಗತಾನೇ ಕಿತ್ತ ಗಡ್ಡೆ ಎರಡು-ಮೂರು ತಿಂಗಳು ಮಲಗುತ್ತದೆ. ಎಷ್ಟು ನೀರು ಕೊಟ್ಟರೂ ಏಳುವುದಿಲ್ಲ. 4ರಿಂದ 5 ಡಿಗ್ರಿ ತಂಪಿನಲ್ಲಿ ಎರಡು-ಮೂರು ತಿಂಗಳು ಇಟ್ಟು ತೆಗೆದರೆ ಒಂದೇ ಸಮನೆ ಮೊಳೆಯುತ್ತದೆ.

ಕೊಳ್ಳುವಾಗ ಹೀಗೆ ಪರೀಕ್ಷೆ ಮಾಡಿ:

1. ಗಡ್ಡೆ ತಿರುಗಿಸಿ ತಳ ನೋಡಿ. ಸುತ್ತಲೂ ಸಣ್ಣ ಬಿಳಿ ಗುಳ್ಳೆಯಂಥ ಬೇರಿನ ಮೊಳಕೆ ಕಂಡರೆ ಎಚ್ಚರಾಗಿದೆ ಎಂದರ್ಥ. ತಳ ಬೋಳಾಗಿದ್ದರೆ ಇನ್ನೂ ನಿದ್ದೆ.
2. ಅಡ್ಡಳತೆ 4ರಿಂದ 5 ಸೆಂ.ಮೀ. ಇರಲಿ. ಚಪ್ಪಟೆಯಾದ ದೊಡ್ಡ ಗಡ್ಡೆಗಿಂತ ನಡುವೆ ಉಬ್ಬಿದ ಮಧ್ಯಮ ಗಡ್ಡೆ ಮೇಲು.
3. ಹೆಬ್ಬೆರಳಲ್ಲಿ ಒತ್ತಿ ನೋಡಿ. ಮೆತ್ತಗಿದ್ದರೆ, ಕಂದು ಚುಕ್ಕೆ ಇದ್ದರೆ ಬೇಡ.
4. ತಳಿಯ ಹೆಸರು ಮತ್ತು ಹೂ ಬರುವ ದಿನ ಕೇಳಿ ಬರೆದುಕೊಳ್ಳಿ. ಬೇಗ ಬರುವ ತಳಿ 60ರಿಂದ 75 ದಿನ, ಮಧ್ಯಮ 75ರಿಂದ 90 ದಿನ, ತಡವಾದದ್ದು 90 ದಿನಕ್ಕಿಂತ ಹೆಚ್ಚು. ನಮ್ಮ ಭಾಗಕ್ಕೆ ಮೊದಲೆರಡು ಸಾಕು.

ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಆರತಿ, ಪೂನಂ, ಸಪ್ನಾ, ಶೋಭಾ ಮುಂತಾದ ಗ್ಲಾಡಿಯೋಲಸ್ ತಳಿಗಳನ್ನು ಕೊಟ್ಟಿದೆ. ಈ ಹಂಗಾಮಿಗೆ ಯಾವ ಗಡ್ಡೆ ಸಿಗುತ್ತದೆ ಎಂದು ಸುರಪುರ ತಾಲೂಕಿನ ಕವಡಿಮಟ್ಟಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ಅಥವಾ ತೋಟಗಾರಿಕೆ ಇಲಾಖೆಯಲ್ಲಿ ಮೊದಲೇ ವಿಚಾರಿಸಿ.

ಹಿಂದಕ್ಕೆ ಎಣಿಸುವ ಲೆಕ್ಕ

ನಮ್ಮ ಕಡೆ ಹೂವಿಗೆ ಗಿರಾಕಿ ಯಾವಾಗ? ಧನುರ್ಮಾಸದಲ್ಲಿ ಲಗ್ನ ಇಲ್ಲ. ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿವರೆಗೆ ಮಂಟಪದ ಹೂ ಕೇಳುವವರು ಕಡಿಮೆ. ಸಂಕ್ರಾಂತಿಗೆ ಮೈಲಾಪುರ ಮೈಲಾರಲಿಂಗನ ಜಾತ್ರೆ ಇದ್ದರೂ ಅಲ್ಲಿ ಓಡುವುದು ಭಂಡಾರ, ಬಿಡಿ ಹೂ, ಹಾರ. ಉದ್ದ ಕಡ್ಡಿಯ ಹೂವಿಗೆ ಬೇಡಿಕೆ ಏಳುವುದು ಜನವರಿ 26ರ ಸಮಾರಂಭಗಳಿಂದ, ಆಮೇಲೆ ಮಾಘ ಮಾಸದ ಲಗ್ನಗಳಿಗೆ. ಅಂದರೆ ಜನವರಿ 20ರಿಂದ ಫೆಬ್ರವರಿ ಕೊನೆಯವರೆಗೆ ಹೂ ಕೈಯಲ್ಲಿರಬೇಕು.

80 ದಿನದ ತಳಿ ಎಂದುಕೊಳ್ಳಿ. ಜನವರಿ 20ರಿಂದ 80 ದಿನ ಹಿಂದೆ ಹೋದರೆ ನವೆಂಬರ್ 1. ಹತ್ತು ಹತ್ತು ದಿನ ಬಿಟ್ಟು ಮೂರು ಕಂತು ಮಾಡಿ:

- ನವೆಂಬರ್ 1ಕ್ಕೆ ನಾಟಿ: ಜನವರಿ 20ರ ಸುಮಾರಿಗೆ ಹೂ
- ನವೆಂಬರ್ 10ಕ್ಕೆ ನಾಟಿ: ಜನವರಿ 29ರ ಸುಮಾರಿಗೆ ಹೂ
- ನವೆಂಬರ್ 20ಕ್ಕೆ ನಾಟಿ: ಫೆಬ್ರವರಿ 8ರ ಸುಮಾರಿಗೆ ಹೂ

ಥಂಡಿ ಹೆಚ್ಚಾದರೆ ವಾರ ತಡವಾಗಬಹುದು. ಒಂದೇ ದಿನ ಎಲ್ಲಾ ಹಚ್ಚಿದರೆ ಎಲ್ಲಾ ಹೂ ಒಂದೆರಡು ವಾರದಲ್ಲಿ ಬಂದು, ಕೊಳ್ಳುವವನು ಹೇಳಿದ್ದೇ ದರ ಆಗುತ್ತದೆ. ನವೆಂಬರ್ ದಾಟಿದ ಮೇಲೆ ಗಡ್ಡೆ ಪುಕ್ಕಟೆ ಸಿಕ್ಕರೂ ಈ ಭಾಗದಲ್ಲಿ ಹಚ್ಚಬೇಡಿ.

ಇನ್ನೊಂದು ಎಣಿಕೆ ನೀರಿನದು. ನಾರಾಯಣಪುರ ಎಡದಂಡೆ ಕಾಲುವೆಯ ರೈತರಿಗೆ ಚಾಲೂ-ಬಂದ್ ಪದ್ಧತಿ ಗೊತ್ತೇ ಇದೆ. ಹಿಂಗಾರಿಗೆ ಎಷ್ಟು ದಿನ ನೀರು ಎನ್ನುವುದು ನೀರಾವರಿ ಸಲಹಾ ಸಮಿತಿಯ ತೀರ್ಮಾನ. ಗ್ಲಾಡಿಯೋಲಸ್ ಮೂರನೇ ಎಲೆ ಬಿಟ್ಟಾಗಿನಿಂದ ಕಡ್ಡಿ ಹೊರಬರುವವರೆಗೆ ನೀರಿನ ಕೊರತೆ ತಡೆಯುವುದಿಲ್ಲ. ಆಗಲೇ ಒಳಗೆ ಮೊಗ್ಗು ಎಷ್ಟೆಂದು ನಿರ್ಧಾರವಾಗುತ್ತದೆ. ಬಂದ್ ದಿನಗಳಿಗೆ ಕೃಷಿಹೊಂಡವೋ ಬಾವಿಯೋ ಇದ್ದರೆ ಮಾತ್ರ ಈ ಬೆಳೆಗೆ ಕೈ ಹಾಕಿ. ಕಾಲುವೆಯ ತುದಿಯಲ್ಲಿ ಹೊಲ ಇದ್ದವರು ಇದನ್ನು ಎರಡು ಸಲ ಓದಿ.

ಮಣ್ಣು ಮತ್ತು ನಾಟಿ

ಮಸಾರಿ ಮಣ್ಣು ಉತ್ತಮ. ಎರಿ ಭೂಮಿಯಲ್ಲೂ ಆಗುತ್ತದೆ, ಆದರೆ ಸಪಾಟು ಮಡಿ ಬೇಡ. ಎರಿ ಮಣ್ಣು ನೀರು ಹಿಡಿದು ಗಡ್ಡೆ ಕೊಳೆಸುತ್ತದೆ. ಒಂದು ಗೇಣು ಎತ್ತರದ ಬೋದು ಅಥವಾ ಏರುಮಡಿ ಮಾಡಿ.

ಮೊದಲ ವರ್ಷ ಒಂದು ಗುಂಟೆ ಸಾಕು. ಆ ಲೆಕ್ಕ ಇಲ್ಲಿದೆ:

- ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ 250 ಕೆಜಿ. ಹಸಿ ಗೊಬ್ಬರ ಹಾಕಿದರೆ ಗಡ್ಡೆಗೆ ಕೊಳೆ ರೋಗ ತಪ್ಪಿದ್ದಲ್ಲ.
- ಸಾಲಿನಿಂದ ಸಾಲಿಗೆ 30 ಸೆಂ.ಮೀ., ಗಡ್ಡೆಯಿಂದ ಗಡ್ಡೆಗೆ 20 ಸೆಂ.ಮೀ. ದಾರಿ, ನೀರುಕಾಲುವೆ ಬಿಟ್ಟರೆ ಗುಂಟೆಗೆ ಸುಮಾರು 1,200 ಗಡ್ಡೆ ಹಿಡಿಯುತ್ತವೆ.
- ಹೊರಗಿನ ಒಣ ಸಿಪ್ಪೆ ತೆಗೆದು, ಲೀಟರ್ ನೀರಿಗೆ 2 ಗ್ರಾಂ ಕಾರ್ಬೆಂಡಜಿಮ್ ಬೆರೆಸಿ ಅರ್ಧ ಗಂಟೆ ಅದ್ದಿ, ನೆರಳಲ್ಲಿ ಆರಿಸಿ. ಕೈಗವಸು ಮರೆಯಬೇಡಿ.
- ಮೊಳಕೆ ಮೇಲೆ ಬರುವಂತೆ 5ರಿಂದ 7 ಸೆಂ.ಮೀ. ಆಳದಲ್ಲಿ ಇಡಿ.
- ಮೂರು ಎಲೆ ಇದ್ದಾಗ ಒಂದು ಕೆಜಿ, ಆರು ಎಲೆ ಇದ್ದಾಗ ಒಂದು ಕೆಜಿ ಯೂರಿಯಾ. ರಂಜಕ, ಪೊಟ್ಯಾಷ್ ಮಣ್ಣು ಪರೀಕ್ಷೆ ನೋಡಿ ಹಾಕಿ.

ಮೊದಲ ಕಂತಿನ ಬೆಳೆ ಎಳ್ಳ ಅಮಾವಾಸ್ಯೆಗೆ ನೀವು ಚರಗ ಚೆಲ್ಲುವ ಹೊತ್ತಿಗೆ ಐದಾರು ಎಲೆ ಹಂತಕ್ಕೆ ಬಂದಿರುತ್ತದೆ. ಆಗ ಬುಡಕ್ಕೆ ಮಣ್ಣು ಏರಿಸಿ. ಇಲ್ಲದಿದ್ದರೆ ಹೂವಿನ ಭಾರಕ್ಕೆ, ಗಾಳಿಗೆ ಕಡ್ಡಿ ವಾಲುತ್ತದೆ.

ಮೆಣಸಿನಕಾಯಿ ಹೊಲದ ಪಕ್ಕ ಹಚ್ಚಬೇಡಿ. ಅಲ್ಲಿನ ಥ್ರಿಪ್ಸ್ ನುಸಿ ಸೀದಾ ಇಲ್ಲಿಗೆ ಬಂದು ಎಲೆ ಬೆಳ್ಳಿಯಂತೆ ಮಾಡಿ, ಮೊಗ್ಗಿನ ಅಂಚು ಸುಡುತ್ತದೆ. ನೀಲಿ ಅಂಟು ಬಲೆ ಮೊದಲೇ ಕಟ್ಟಿ, ಬೇವಿನೆಣ್ಣೆ ಸಿಂಪಡಿಸಿ. ಎಲೆ ಹಳದಿಯಾಗಿ ಸೊರಗಿದ ಗಿಡವನ್ನು ಗಡ್ಡೆ ಸಮೇತ ಕಿತ್ತು ಸುಡಿ. ಮುಂದಿನ ವರ್ಷ ಅದೇ ಜಾಗದಲ್ಲಿ ಈ ಬೆಳೆ ಬೇಡ.

ಬೋರ್ ನೀರು ಮತ್ತು ಸುಟ್ಟ ತುದಿ

ಇದು ನಮ್ಮ ಜಿಲ್ಲೆಯವರು ವಿಶೇಷವಾಗಿ ತಿಳಿಯಬೇಕಾದದ್ದು. ಯಾದಗಿರಿ ಜಿಲ್ಲೆಯ ಹಲವು ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಹಲ್ಲಿನ ಮೇಲಿನ ಕಂದು ಪಟ್ಟೆ ನೋಡಿ ನಮಗದು ಗೊತ್ತು. ಗ್ಲಾಡಿಯೋಲಸ್ ಫ್ಲೋರೈಡ್‌ಗೆ ಅತಿ ಸೂಕ್ಷ್ಮ. ಎಷ್ಟು ಸೂಕ್ಷ್ಮವೆಂದರೆ, ಕಾರ್ಖಾನೆ ಹೊಗೆಯಲ್ಲಿ ಫ್ಲೋರೈಡ್ ಇದೆಯೇ ಎಂದು ತಿಳಿಯಲು ಇದೇ ಗಿಡ ಬೆಳೆಸಿ ನೋಡುತ್ತಾರೆ. ವಿಷ ತಾಕಿದರೆ ಎಲೆಯ ತುದಿ ಸುಡುತ್ತದೆ.

ಹೊಲದಲ್ಲಿ ನಮ್ಮ ಸುಣ್ಣದ ಮಣ್ಣು ಬಹಳಷ್ಟನ್ನು ಹಿಡಿದಿಡುತ್ತದೆ. ಆದರೆ ಕೊಯ್ದ ಕಡ್ಡಿಯನ್ನು ಬೋರ್ ನೀರಿನ ಬಕೆಟ್‌ನಲ್ಲಿ ಇಟ್ಟರೆ ನೇರವಾಗಿ ಕುಡಿದು, ಮೊಗ್ಗಿನ ಅಂಚು ಕಂದಾಗಿ, ಮೇಲಿನ ಹೂ ಅರಳುವುದಿಲ್ಲ. ಮಾರುಕಟ್ಟೆಯಲ್ಲಿ ಅದಕ್ಕೆ 'ಹಳೇ ಮಾಲು' ಎಂದು ಹೆಸರು.

ಪರೀಕ್ಷೆ ಸುಲಭ. ಐದು ಕಡ್ಡಿ ಬೋರ್ ನೀರಿನಲ್ಲಿ, ಐದು ಕಡ್ಡಿ ಊರಿನ ಶುದ್ಧ ನೀರಿನ ಘಟಕದ ನೀರಿನಲ್ಲಿ ಎರಡು-ಮೂರು ದಿನ ಇಟ್ಟು ನೋಡ್ರಿ. ವ್ಯತ್ಯಾಸ ಕಂಡರೆ ಬಕೆಟ್‌ಗೆ ಘಟಕದ ನೀರೇ ಬಳಸಿ. ಹತ್ತಿಪ್ಪತ್ತು ಲೀಟರ್ ನೀರಿನ ಖರ್ಚು ದೊಡ್ಡದಲ್ಲ.

ಕೊಯ್ಲು ಮತ್ತು ಮುಂದಿನ ವರ್ಷದ ಗಡ್ಡೆ

ಕೆಳಗಿನ ಮೊದಲ ಮೊಗ್ಗು ಬಣ್ಣ ತೋರಿಸಿದ ಕೂಡಲೇ, ಬೆಳಗಿನ ತಂಪಿನಲ್ಲಿ ಕೊಯ್ಯಿರಿ. ಗಿಡದಲ್ಲಿ ನಾಲ್ಕೈದು ಎಲೆ ಉಳಿಯಲೇಬೇಕು, ಹೊಸ ಗಡ್ಡೆ ದಪ್ಪವಾಗುವುದು ಆ ಎಲೆಗಳಿಂದ. ಕಡ್ಡಿಯನ್ನು ನಿಲ್ಲಿಸಿಯೇ ಇಡಿ. ಅಡ್ಡ ಮಲಗಿಸಿದರೆ ತುದಿ ಮೇಲಕ್ಕೆ ಬಾಗಿ ಡೊಂಕಾಗುತ್ತದೆ.

ಹೂ ಕೊಯ್ದ ಆರರಿಂದ ಎಂಟು ವಾರಕ್ಕೆ ಎಲೆ ಹಳದಿಯಾಗುತ್ತದೆ. ಅದಕ್ಕೆ ಮೊದಲೇ ನೀರು ಕಡಿಮೆ ಮಾಡುತ್ತ ಬಂದು, ಗಡ್ಡೆ ಅಗೆದು ಎರಡು ವಾರ ನೆರಳಲ್ಲಿ ಒಣಗಿಸಿ. ನಮ್ಮ ಏಪ್ರಿಲ್-ಮೇ ಬಿಸಿಲಿಗೆ ತಗಡಿನ ಶೆಡ್‌ನಲ್ಲಿ ಇಟ್ಟರೆ ಗಡ್ಡೆ ಬತ್ತಿ ಹಗುರಾಗುತ್ತದೆ. ಒಂದು ಗುಂಟೆಯ ಗಡ್ಡೆ ನಾಲ್ಕೈದು ಜಾಳಿಗೆ ಚೀಲದಲ್ಲಿ ಹಿಡಿಯುತ್ತದೆ. ಕೋಲ್ಡ್ ಸ್ಟೋರೇಜ್‌ನಲ್ಲಿ ಜಾಗ ಕೇಳಿ ಇಡಿಸಿ, ಅಕ್ಟೋಬರ್ ಮಧ್ಯದಲ್ಲಿ ತೆಗೆದು ನೆರಳಲ್ಲಿ ಹರಡಿ. ನವೆಂಬರ್ 1ಕ್ಕೆ ಎಚ್ಚರಾಗಿರುತ್ತವೆ.

ಈ ಬೆಳೆಯ ದೊಡ್ಡ ಖರ್ಚು ಗಡ್ಡೆ. ಒಂದು ಗಡ್ಡೆಗೆ ಸಾಮಾನ್ಯವಾಗಿ ಒಂದೇ ಕಡ್ಡಿ. ಗಡ್ಡೆ ಉಳಿಸಿಕೊಂಡವರಿಗೆ ಎರಡನೇ ವರ್ಷದಿಂದ ಕೈಗೆ ದುಡ್ಡು ಸಿಗುತ್ತದೆ, ಪ್ರತಿ ವರ್ಷ ಹೊಸದು ಕೊಳ್ಳುವವರಿಗೆ ಲಾಭ ಕಾಣುವುದು ಕಷ್ಟ.

ಕೊನೆಯದಾಗಿ, ಗಡ್ಡೆ ಕೊಳ್ಳುವ ಮೊದಲು ಮಂಟಪ ಕಟ್ಟುವ ಇಬ್ಬರು ಡೆಕೋರೇಷನ್‌ನವರ ಹತ್ತಿರ ಮಾತಾಡಿ, ಯಾವ ಬಣ್ಣ, ಯಾವ ವಾರ, ಎಷ್ಟು ಕಡ್ಡಿ ಎಂದು ಬರೆದುಕೊಳ್ಳಿ. ಆ ಚೀಟಿ ಕೈಯಲ್ಲಿ ಹಿಡಿದು, ಗೋಡೆಯ ಕ್ಯಾಲೆಂಡರ್ ಮೇಲೆ ಹಿಂದಕ್ಕೆ ಎಣಿಸಿ. ಎಣಿಕೆ ನವೆಂಬರ್ ಒಳಗೆ ಕೂತರೆ ಗಡ್ಡೆ ತರ್ರಿ. ಕೂಡದಿದ್ದರೆ ಈ ವರ್ಷ ಬಿಟ್ಟು, ಮುಂದಿನ ವರ್ಷಕ್ಕೆ ತಯಾರಿ ಮಾಡ್ರಿ. ಒಂದು ವರ್ಷ ತಡೆದರೆ ನಷ್ಟ ಇಲ್ಲ, ಒಂದು ತಿಂಗಳು ತಡವಾಗಿ ಹಚ್ಚಿದರೆ ನಷ್ಟ ಗ್ಯಾರಂಟಿ.