ನೇತಾಡುವ ಚಕ್ರದ ಅಳತೆ

ಹಿಂದಿನ ಎಡಚಕ್ರ ಚರಂಡಿಗೆ ಇಳಿದಾಗ ‘ಟಪ್’ ಅಂತ ಸಣ್ಣ ಸದ್ದಾಯಿತು. ಯಾವುದೋ ಕಾಫಿ ರೆಂಬೆ ಮುರಿದಿರಬೇಕು ಅಂದುಕೊಂಡೆ. ಮುಂದಿನ ತಿರುವಿನಲ್ಲಿ ಬ್ರೇಕ್ ಒತ್ತಿದರೆ ಪೆಡಲ್ಲು ಸೀದಾ ತಳ ಮುಟ್ಟಿತು. ಪುಣ್ಯಕ್ಕೆ ಜೀಪು ಲೋ ರೇಂಜಿನ ಫಸ್ಟ್ ಗೇರಿನಲ್ಲಿತ್ತು, ಎಂಜಿನ್ನೇ ಹಿಡಿದುಕೊಂಡಿತು. ಹ್ಯಾಂಡ್‌ಬ್ರೇಕ್ ಎಳೆದು, ಸಿಲ್ವರ್ ಓಕ್ ಮರಕ್ಕೆ ಬಂಪರ್ ಆನಿಸಿ ನಿಲ್ಲಿಸಿದೆ. ಪಕ್ಕದಲ್ಲಿದ್ದ ನಮ್ಮ ತೋಟದ ರೈಟರು ತಣ್ಣಗೆ ಕೇಳಿದರು: “ಗೌಡ್ರೇ, ಈಗ ಇಳಿಯದಾ, ಕೂತಿರದಾ?”

ಸಕಲೇಶಪುರದ ಕಡೆ ನಮ್ಮ ತೋಟ. ಜೀಪು ಅಪ್ಪನ ಕಾಲದ ಮಹೀಂದ್ರಾ ಸಿಜೆ-3ಬಿ. ಮಳೆಗಾಲದಲ್ಲಿ ದಾರಿಯ ನಡುವಿನ ದಿಬ್ಬಕ್ಕೆ ಗೇರ್‌ಬಾಕ್ಸಿನ ಅಡಿ ತಾಗುತ್ತದೆಂದು ಎತ್ತರಿಸಿದ್ದೆ. ಆಕ್ಸಲ್ ಹೌಸಿಂಗ್‌ನ ಕೆಳಗಿದ್ದ ಪ್ಲೇಟ್ ಸ್ಪ್ರಿಂಗನ್ನು ಅದರ ಮೇಲೆ ಕೂರಿಸಿದರೆ ಚಾಸಿ 4-5 ಇಂಚು ಮೇಲೇಳುತ್ತದೆ. (ರಸ್ತೆಗೆ ಇಳಿಯುವ ಗಾಡಿಗೆ ಹೀಗೆಲ್ಲ ಮಾಡುವಂತಿಲ್ಲ. ನಮ್ಮದು ತೋಟದ ಗೇಟು ದಾಟುವುದಿಲ್ಲ.) ಉದ್ದದ ಶಾಕ್ ಅಬ್ಸಾರ್ಬರ್ ಹಾಕಿಸಿದೆ, ಪ್ರೊಪೆಲ್ಲರ್ ಶಾಫ್ಟಿನ ಕೋನ ನೋಡಿಸಿದೆ, ಟಯರಿನ ಬಗ್ಗೆಯಂತೂ ಎರಡು ದಿನ ಚರ್ಚೆ. ಚಾಸಿಯಿಂದ ಹಿಂದಿನ ಹೌಸಿಂಗ್‌ಗೆ ಇಳಿಯುವ ರಬ್ಬರ್ ಬ್ರೇಕ್ ಹೋಸನ್ನೂ ಬಗ್ಗಿ ನೋಡಿದ್ದೆ. ಜೀಪು ಅಂಗಳದಲ್ಲಿ ನಾಲ್ಕೂ ಚಕ್ರ ಊರಿ ನಿಂತಿತ್ತು, ಹೋಸು ಸ್ವಲ್ಪ ಸಡಿಲವಾಗಿಯೇ ಕಂಡಿತ್ತು. ಸಾಕು ಅಂದುಕೊಂಡೆ.

ಆ ಸಡಿಲವೇ ನನ್ನನ್ನು ಮೋಸಗೊಳಿಸಿದ್ದು. ಚಕ್ರ ಹಳ್ಳಕ್ಕೆ ಇಳಿದಾಗ ಹೌಸಿಂಗ್ ಚಾಸಿಯಿಂದ ದೂರ ಸರಿಯುತ್ತದೆ. ಮೊದಲು ಗಿಡ್ಡ ಶಾಕ್ ಅಬ್ಸಾರ್ಬರೇ ಅದನ್ನು ತಡೆದು ಹಿಡಿಯುತ್ತಿತ್ತು, ನಾನು ಉದ್ದದ್ದು ಹಾಕಿ ಅದಕ್ಕೆ ಇನ್ನಷ್ಟು ಜೋತಾಡಲು ಬಿಟ್ಟಿದ್ದೆ. ಕೊನೆಗೆ ಆ ಭಾರವೆಲ್ಲ ಹೋಸಿನ ಮೇಲೆ. ಬಿಚ್ಚಿ ನೋಡಿದರೆ, ಕಬ್ಬಿಣದ ಬಳೆ ರಬ್ಬರನ್ನು ಕಚ್ಚಿ ಹಿಡಿಯುವ ಜಾಗದಲ್ಲಿ ಅರ್ಧ ಸುತ್ತು ಬಾಯಿ ಬಿಟ್ಟಿತ್ತು, ಒಳಗಿನ ನೂಲಿನ ಹೆಣಿಗೆ ಕಾಣುತ್ತಿತ್ತು.

ಜೀಪು ರಿಪೇರಿಯ ಮೇಸ್ತ್ರಿ ಕಣದ ಶೆಡ್ಡಿನಲ್ಲಿ ಚಾಸಿಗೆ ಸ್ಟ್ಯಾಂಡ್ ಕೊಟ್ಟು ಚಕ್ರಗಳನ್ನು ಜೋತುಬೀಳಲು ಬಿಟ್ಟರು. ಕಾಫಿ ಚೀಲ ಹೊಲಿಯುವ ಸುತಲಿಯನ್ನು ಹೋಸಿನ ಒಂದು ಬ್ರಾಕೆಟ್ಟಿನಿಂದ ಇನ್ನೊಂದಕ್ಕೆ ಹಿಡಿದು ಗಂಟು ಹಾಕಿದರು. ಆಮೇಲೆ ಒಂದು ಚಕ್ರವನ್ನು ಮಾತ್ರ ಜಾಕಿಯಿಂದ ಎತ್ತಿ ಮತ್ತೆ ಹಿಡಿದರು. ಹಳೆಯ ಹೋಸಿಗಿಂತ 5 ಇಂಚು ಹೆಚ್ಚು ಬೇಕಿತ್ತು. ಮುಂದೆಯೂ ಹಾಗೇ ಅಳೆದರು. ಹೌಸಿಂಗ್‌ನಿಂದ ಚಕ್ರಕ್ಕೆ ಹೋಗುವ ಗಿಡ್ಡ ಹೋಸುಗಳಿಗೆ ಎತ್ತರಿಸಿದ್ದರ ಲೆಕ್ಕ ತಾಗುವುದಿಲ್ಲ, ಅವು ಹೌಸಿಂಗ್ ಜೊತೆಗೇ ಮೇಲೆ ಕೆಳಗೆ ಆಡುತ್ತವೆ. ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿದರೆ ಆಯಿತು.

ಹೊಸದನ್ನು ಸ್ಟೀಲ್ ಜಾಲರಿಯ ಹೋಸಿನಲ್ಲೇ ಮಾಡಿಸಿದೆ. ಹಾಕಿದರೆ ಬ್ರೇಕ್ ಚುರುಕಾಗುತ್ತದೆ ಎನ್ನುತ್ತಾರೆ. ಒತ್ತಡಕ್ಕೆ ಅದು ಉಬ್ಬುವುದಿಲ್ಲ, ನಿಜ. ಆದರೆ ನಾಲ್ಕೂ ಡ್ರಮ್ ಬ್ರೇಕ್ ಇರುವ ಜೀಪಿನಲ್ಲಿ ಶೂಗಳನ್ನು ಸರಿಯಾಗಿ ಅಡ್ಜಸ್ಟ್ ಮಾಡಿದಾಗ ಪೆಡಲ್ ಮೇಲೆದ್ದಷ್ಟು ಹೋಸಿನಿಂದ ಏಳಲಿಲ್ಲ. ಜಾಲರಿ ಎಷ್ಟು ಒರಟು ಅಂತ ಒಂದು ತಿಂಗಳಾದ ಮೇಲೆ ಗೊತ್ತಾಯಿತು. ಚಕ್ರ ಮೇಲೆದ್ದಾಗ ಈ ಉದ್ದದ ಹೋಸು ಎಲ್ಲಿಗೆ ಮಡಿಚಿಕೊಳ್ಳುತ್ತದೆಂದು ನಾವು ನೋಡಿರಲಿಲ್ಲ. ಅದು ಶಾಕ್ ಅಬ್ಸಾರ್ಬರಿಗೆ ಉಜ್ಜಿ, ಅರದಂತೆ ಪೇಂಟು ಕೆರೆದು ಕಬ್ಬಿಣದಲ್ಲಿ ಗೀರು ತೋಡಿತ್ತು. ಈಗ ಮೇಲೊಂದು ರಬ್ಬರ್ ಕವಚ ಹಾಕಿ, ಚಾಸಿಗೆ ಕ್ಲಿಪ್ಪಿನಲ್ಲಿ ಹಿಡಿಸಿದ್ದೇವೆ. ಹೋಸು ಬಿಗಿಯಾಗುವ ಮುಂಚೆಯೇ ಹೌಸಿಂಗನ್ನು ತಡೆಯಲು ಒಂದು ಬೆಲ್ಟನ್ನೂ ಕಟ್ಟಿದ್ದೇವೆ.

ಹೋಸು ಕೂರಿಸುವ ತಾಮ್ರದ ವಾಷರುಗಳನ್ನು ಪ್ರತಿಸಲ ಹೊಸದೇ ಹಾಕಬೇಕು. ಹಳೆಯದನ್ನೇ ಕೂರಿಸಿ ಒಂದು ಸಂಜೆ ಹಾಳು ಮಾಡಿಕೊಂಡೆ. ಬ್ರೇಕ್ ಲೈನಿನಿಂದ ಏರ್ ತೆಗೆಯುವಾಗ ಮಾಸ್ಟರ್ ಸಿಲಿಂಡರಿಗೆ ದೂರದ ಚಕ್ರ ಮೊದಲು, ಅಂದರೆ ನಮ್ಮಲ್ಲಿ ಹಿಂದಿನ ಎಡಚಕ್ರ. ಬ್ರೇಕ್ ಆಯಿಲ್ ಡಬ್ಬಿ ಬಾಯಿ ತೆರೆದಿಟ್ಟರೆ ಮಲೆನಾಡಿನ ಥಂಡಿಯನ್ನೆಲ್ಲ ಕುಡಿಯುತ್ತದೆ. ಡಾಟ್ 4 ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯುವುದಿಲ್ಲ, ನೀರು ಸೇರಿದ ಮೇಲೆ ಅದು 155ರ ಹತ್ತಿರ ಇಳಿಯಬಹುದು.

ಇಷ್ಟೆಲ್ಲ ಮುಗಿಸಿ ಬಿಲ್ಲು ಕೊಡುವಾಗ ಮೇಸ್ತ್ರಿ ಕಾಲಡಿಯ ಮುಚ್ಚಳ ತೆಗೆದು ಮಾಸ್ಟರ್ ಸಿಲಿಂಡರ್ ತೋರಿಸಿದರು. “ನಾಲ್ಕು ಚಕ್ರಕ್ಕೂ ಇದೊಂದೇ ಲೈನು ಗೌಡ್ರೇ. ಹಿಂದೆ ಹೋಸ್ ಹರಿದ್ರೆ ಮುಂದಿಂದೂ ಹೋಯ್ತು.” ಹೊಳೆಯುವ ಹೋಸಿಗೆ ದುಡ್ಡು ಸುರಿದಿದ್ದೆ, ಮೊದಲು ಬದಲಾಯಿಸಬೇಕಿದ್ದುದು ಇದನ್ನು. ಮುಂದಿಗೂ ಹಿಂದಿಗೂ ಬೇರೆ ಬೇರೆ ಲೈನು ಕೊಡುವ ಟ್ಯಾಂಡಮ್ ಸಿಲಿಂಡರ್ ಕೂರಿಸಲು ಇನ್ನೂ ಎರಡು ವಾರ ಹಿಡಿಯಿತು.

ಈಗ ಪ್ರತಿ ಮೇ ಕೊನೆಗೆ ಜೀಪನ್ನು ಸ್ಟ್ಯಾಂಡಿನ ಮೇಲೆ ಎತ್ತಿ ಚಕ್ರ ಜೋತುಬಿಡುತ್ತೇವೆ. ರೈಟರು ಟಾರ್ಚ್ ಹಿಡಿದು, ಚೀಲ ಹಾಸಿಕೊಂಡು ಅಡಿಗೆ ತೂರುತ್ತಾರೆ. “ಇನ್ನೂ ಎರಡು ಬೆರಳು ಸಡಿಲ ಐತೆ” ಅಂತ ಅವರ ಬಾಯಿಂದಲೇ ಬರಬೇಕು. ಇಲ್ಲದಿದ್ದರೆ ಅವರು ಜೀಪು ಹತ್ತುವುದಿಲ್ಲ.