ಹಂಚು ಕಾಯಲಿ, ತಮ್ಮಾ

ತಮ್ಮಾ, ಪುಣೆಯ ರೂಮಿನಲ್ಲಿ ಚಿಕನ್ ಫಹೀತಾ ಮಾಡಬೇಕೆಂದಿದ್ದೀಯಂತೆ. ಮಾಡು. ಗಂಡುಹುಡುಗರಿಗೆ ಒಲೆಯ ಮುಂದೆ ನಿಲ್ಲುವ ರೂಢಿ ಬೇಕೇ ಬೇಕು. ಆದರೆ ಮಸಾಲೆ ಪಾಕೀಟು ಹುಡುಕುವ ಮೊದಲು ಹಂಚಿನ ವಿಚಾರ ಮಾಡು. ಈ ಅಡಿಗೆಯ ಜೀವ ಇರುವುದು ಕಾದ ಕಬ್ಬಿಣದಲ್ಲಿ.

ಪರದೇಶದ ತಿನಿಸೆಂದು ಅಂಜಬೇಡ. ದಕ್ಷಿಣ ಟೆಕ್ಸಾಸಿನಲ್ಲಿ ದನ ಕಾಯುವವರಿಗೆ ಕೂಲಿಯ ಜೊತೆ ಯಾರಿಗೂ ಬೇಡಾದ ಗಟ್ಟಿ ಮಾಂಸ ಕೊಡುತ್ತಿದ್ದರು. ಅವರು ಅದನ್ನು ಕೆಂಡದ ಮೇಲೆ ಸುಟ್ಟು, ತೆಳ್ಳಗೆ ಹೆಚ್ಚಿ, ರೊಟ್ಟಿಯಲ್ಲಿ ಸುತ್ತಿ ತಿನ್ನುತ್ತಿದ್ದರು. 1969ರಲ್ಲಿ ಕೈಲ್ ಎಂಬ ಊರಲ್ಲಿ ಸನ್ನಿ ಫಾಲ್ಕನ್ ಎಂಬುವವರು ಅದನ್ನು ಮಾರಾಟಕ್ಕಿಟ್ಟರು. ಕೋಳಿ ಸೇರಿದ್ದು ಆಮೇಲೆ. ನಮ್ಮ ಮೆಣಸಿನಕಾಯಿ, ಟೊಮ್ಯಾಟೊ, ಘಟಪ್ರಭಾ ಕಾಲುವೆಯ ನೀರಿಗೆ ಬೆಳೆಯುವ ಗೋವಿನಜೋಳ, ಇವೂ ಆ ಖಂಡದಿಂದಲೇ ಸಮುದ್ರ ದಾಟಿ ಬಂದವು. ಸಾಮಾನೆಲ್ಲ ಗುರುತಿನದೇ.

ನಾಲ್ಕು ಮಂದಿಗೆ ಅರ್ಧ ಕಿಲೋ ಎಲುಬಿಲ್ಲದ ಕೋಳಿ ಸಾಕು. ತೊಡೆಯ ಮಾಂಸ ತಗೋ, ಎದೆಯ ಮಾಂಸ ಬೇಗ ಒಣಗುತ್ತದೆ. ಬೆರಳಗಲ ಉದ್ದುದ್ದ ಹೆಚ್ಚಿ ಒಂದು ಚಮಚ ಉಪ್ಪು, ಹುರಿದು ಕುಟ್ಟಿದ ಜೀರಿಗೆ, ಜಜ್ಜಿದ ಬೆಳ್ಳುಳ್ಳಿ, ಒಂದು ಲಿಂಬೆಯ ರಸ, ಎರಡು ಚಮಚ ಎಣ್ಣೆ ಹಚ್ಚು. ಬಣ್ಣಕ್ಕೆ ಬ್ಯಾಡಗಿ ಪುಡಿ, ಖಾರಕ್ಕೆ ಚಿಟಿಕೆ ಸಂಕೇಶ್ವರಿ. ಸಂಕೇಶ್ವರಿಯನ್ನೇ ತುಂಬಿದರೆ ನಾಲಿಗೆಗೆ ಬೇರೇನೂ ತಿಳಿಯುವುದಿಲ್ಲ. ಅರ್ಧ ತಾಸು ನೆನೆದರೆ ಸಾಕು. ರಾತ್ರಿಯಿಡೀ ಲಿಂಬೆಹುಳಿಯಲ್ಲಿಟ್ಟ ಮಾಂಸ ಮೇಲೆ ಬೆಳ್ಳಗಾಗಿ ಪುಡಿಪುಡಿಯಾಗುತ್ತದೆ. ಹಸಿ ಕೋಳಿ ಹೆಚ್ಚಿದ ಮಣೆ, ಚಾಕು ತೊಳೆಯದೆ ಕಾಯಿಪಲ್ಲೆಗೆ ಮುಟ್ಟಿಸಬೇಡ.

ಈಗ ಹಂಚು. ಹಿಡಕಲ್ ಡ್ಯಾಮಿನ ಮೀನು ಹುರಿಯುವಾಗ ನಿಮ್ಮವ್ವ ಏನು ಮಾಡುತ್ತಾಳೆ, ನೋಡಿದ್ದೀಯಲ್ಲ? ಹಂಚಿನ ಮೇಲೆ ನೀರು ಚಿಮುಕಿಸಿ, ಹನಿ ಚುರ್ರೆಂದು ಹಾರಿಹೋದ ಮೇಲೆಯೇ ಎಣ್ಣೆ ಹಾಕುತ್ತಾಳೆ. ಹಾಕಿದ ತುಂಡನ್ನು ಮುಟ್ಟುವುದಿಲ್ಲ. ತಾನಾಗಿ ಬಿಡಲಿ ಅಂತ ಕಾಯುತ್ತಾಳೆ. ನೀನೂ ಹಾಗೇ ಮಾಡು. ಕೋಳಿಯನ್ನೆಲ್ಲ ಒಂದೇ ಸಲ ಸುರಿದರೆ ಹಂಚು ತಣಿದು, ಮಾಂಸದ ನೀರು ಹೊರಬಂದು, ಹುರಿಯುವುದು ಹೋಗಿ ಬೇಯುತ್ತದೆ. ತುಂಡಿಗೆ ತುಂಡು ತಾಗದಂತೆ ಮೂರು ಸಲಕ್ಕೆ ಹಾಕು. ಎರಡು ನಿಮಿಷ ಕೈ ಕಟ್ಟಿಕೊಂಡು ನಿಲ್ಲು. ಕೆಳಗೆ ಕಂದು ಬಣ್ಣ ಬಂದಾಗ ತಿರುವು. ದಪ್ಪ ತುಂಡೊಂದನ್ನು ಸೀಳಿ ನೋಡು: ಒಳಗೆ ಗುಲಾಬಿ ಇರಬಾರದು, ರಸ ತಿಳಿಯಾಗಿರಬೇಕು. ಥರ್ಮಾಮೀಟರ್ ಇದ್ದರೆ 74 ಡಿಗ್ರಿ ಸೆಲ್ಸಿಯಸ್ ತೋರಿಸಬೇಕು.

ಕೋಳಿ ತೆಗೆದ ಅದೇ ಹಂಚಿಗೆ ಉದ್ದ ಹೆಚ್ಚಿದ ಎರಡು ಉಳ್ಳಾಗಡ್ಡಿ, ಮೂರು ಡೊಣ್ಣಮೆಣಸಿನಕಾಯಿ ಹಾಕು. ತಳಕ್ಕೆ ಹಿಡಿದ ಮಸಾಲೆಯನ್ನು ಉಳ್ಳಾಗಡ್ಡಿಯ ನೀರೇ ಬಿಡಿಸುತ್ತದೆ, ಅದನ್ನು ಸುಟ್ಟಿತೆಂದು ತೊಳೆದು ಚೆಲ್ಲಬೇಡ. ಉರಿ ಜೋರಾಗಿರಲಿ, ಮುಚ್ಚಳ ಮುಚ್ಚಬೇಡ. ಅಂಚು ಕಪ್ಪಾಗಬೇಕು, ಕಡಿದರೆ ಕರುಂ ಅನ್ನಬೇಕು. ಆಮೇಲೆ ಕೋಳಿ ಸೇರಿಸಿ, ಕೊತಂಬರಿ, ಇನ್ನರ್ಧ ಲಿಂಬೆ.

ಸುತ್ತಲು ಮೆತ್ತನೆಯ ಚಪಾತಿ ಚಲೋ. ಜೋಳದ ರೊಟ್ಟಿಯೂ ಆದೀತು, ಹಂಚಿನಿಂದ ಇಳಿದ ಬಿಸಿಯಲ್ಲೇ ಮಡಚಿದರೆ ಮಾತ್ರ. ಕಟಿ ರೊಟ್ಟಿ ಮುರಿಯುತ್ತದೆ. ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಗಟ್ಟಿ ಮೊಸರು ಪಕ್ಕಕ್ಕಿರಲಿ. ಬೆಣ್ಣೆಹಣ್ಣು ದುಬಾರಿಯಿದ್ದರೆ ಬಿಡು, ಅದಿಲ್ಲದೆ ಏನೂ ಕೆಡುವುದಿಲ್ಲ. ಗೆಳೆಯರನ್ನು ಮೊದಲೇ ಕೂಡಿಸಿಬಿಡು. ಇದು ಆರಿಸಿ ತಿನ್ನುವ ಊಟವಲ್ಲ.

ಊಟವಾದ ಮೇಲೆ ಹಂಚನ್ನು ಸೋಪು ನೀರಿನಲ್ಲಿ ನೆನೆಹಾಕಬೇಡ. ಬಿಸಿನೀರಿನಲ್ಲಿ ತಿಕ್ಕಿ, ಸಣ್ಣ ಉರಿಯ ಮೇಲೆ ಒಣಗಿಸಿ, ಎಣ್ಣೆ ಸವರಿಡು. ರೂಮಿನಲ್ಲಿರುವ ನಾನ್‌ಸ್ಟಿಕ್ ತವಾವನ್ನು ಇಷ್ಟು ಕಾಯಿಸಲೇಬಾರದು. ಹಬ್ಬಕ್ಕೆ ಬಂದಾಗ ಅಂಚೆದ್ದ ದಪ್ಪ ಕಬ್ಬಿಣದ್ದೊಂದು ಕೊಂಡು ಹೋಗು.