ಆರೋಗ್ಯ ಸಹಾಯಕಿಯ ಹುದ್ದೆ ತೆರವಾದಾಗ

ಬಯಲು ಪ್ರದೇಶದಲ್ಲಿ 5,000 ಜನಸಂಖ್ಯೆಗೆ ಒಂದು, ಗುಡ್ಡಗಾಡಿನಲ್ಲಿ 3,000 ಜನಸಂಖ್ಯೆಗೆ ಒಂದು ಆರೋಗ್ಯ ಉಪಕೇಂದ್ರವಿರಬೇಕೆಂಬುದು ರಾಷ್ಟ್ರದ ನಿಯಮ. ಒಂದೊಂದು ರೋಗಕ್ಕೆ ಒಬ್ಬೊಬ್ಬ ನೌಕರನಿದ್ದ ಪದ್ಧತಿಯನ್ನು ಬಿಟ್ಟು ವಿವಿಧೋದ್ದೇಶ ಕಾರ್ಯಕರ್ತರನ್ನು ನೇಮಿಸಬೇಕೆಂದು ಕರ್ತಾರ್ ಸಿಂಗ್ ಸಮಿತಿಯು 1973ರಲ್ಲಿ ಶಿಫಾರಸು ಮಾಡಿತು. ಹೀಗಾಗಿ ಬಸುರಿಯರ ತಪಾಸಣೆ, ಮಕ್ಕಳ ಲಸಿಕೆ, ಕುಟುಂಬ ಯೋಜನೆ ಇವೆಲ್ಲವೂ ಉಪಕೇಂದ್ರದ ಸಹಾಯಕಿಯ ಹೆಗಲೇರಿವೆ.

ಆ ಹುದ್ದೆ ತೆರವಾದರೆ ನೆರೆಯ ಉಪಕೇಂದ್ರದ ಸಹಾಯಕಿಗೆ ಪ್ರಭಾರ ವಹಿಸಲಾಗುತ್ತದೆ. ಆದೇಶದಿಂದ ಅವರ ಪಾಲಿಗೆ ಊರುಗಳು ಹೆಚ್ಚುತ್ತವೆಯೇ ಹೊರತು ವಾರಕ್ಕೆ ದಿನಗಳು ಹೆಚ್ಚುವುದಿಲ್ಲ.

ಇದರಿಂದ ತೊಂದರೆಗೊಳಗಾಗುವವರಲ್ಲಿ ಅಂತರಾ ಚುಚ್ಚುಮದ್ದು ಪಡೆಯುವ ತಾಯಂದಿರು ಮುಖ್ಯರು. 2017ರಿಂದ ಸರ್ಕಾರಿ ಕೇಂದ್ರಗಳಲ್ಲಿ ಉಚಿತವಾಗಿ ದೊರೆಯುತ್ತಿರುವ ಈ ಮದ್ದನ್ನು 3 ತಿಂಗಳಿಗೊಮ್ಮೆ ತಪ್ಪದೆ ಪಡೆಯಬೇಕು. ನಿಗದಿತ ದಿನದಿಂದ 4 ವಾರಗಳಿಗಿಂತ ಹೆಚ್ಚು ತಡವಾದರೆ ಬೇಡದ ಗರ್ಭ ನಿಲ್ಲುವ ಸಂಭವವುಂಟು. ಆದ್ದರಿಂದ "ಸಿಸ್ಟರ್ ಬರಲಿ" ಎಂದು ಕಾದು ಕುಳಿತಿರದೆ, ಕಾರ್ಡಿನೊಡನೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗತಕ್ಕದ್ದು. ದಿನಾಂಕವನ್ನು ಪತಿಯೂ ನೆನಪಿಟ್ಟಿರಬೇಕು. ಇದು ಹೆಂಗಸರ ವಿಷಯವೆಂಬ ಉದಾಸೀನ ಸಲ್ಲದು. ಅವಧಿ ಮೀರಿದ್ದಲ್ಲಿ ವೈದ್ಯರನ್ನು ಕಾಣುವವರೆಗೆ ನಿರೋಧ್ ಬಳಸುವುದು ಕ್ಷೇಮ. ನಿರೋಧ್ ಆಶಾ ಕಾರ್ಯಕರ್ತೆಯರಲ್ಲಿ ದೊರೆಯುತ್ತದೆ. ಆದರೆ ಚುಚ್ಚುಮದ್ದು ನೀಡುವುದು ಅವರ ಕೆಲಸವಲ್ಲ, ಅದಕ್ಕಾಗಿ ಅವರನ್ನು ಒತ್ತಾಯಿಸಬಾರದು.

ತೆರವಾದ ಹುದ್ದೆಯನ್ನು ತುಂಬುವ ಅಧಿಕಾರ ಕೇಂದ್ರದ ವೈದ್ಯಾಧಿಕಾರಿಗೆ ಇಲ್ಲ. ಆದರೆ ಪ್ರಭಾರದ ಸಹಾಯಕಿ ಯಾವ ದಿನ ಯಾವ ಊರಿಗೆ ಬರುವರೆಂಬುದನ್ನು ಗೊತ್ತುಪಡಿಸಿ ತಿಳಿಯಪಡಿಸುವುದು ಆತನ ಹೊಣೆಯೇ ಸರಿ. ಆ ಪಟ್ಟಿ ನಿಮ್ಮ ಊರಿಗೆ ತಲುಪದಿದ್ದರೆ, ಪಂಚಾಯಿತಿ ಸದಸ್ಯರೊಡನೆ ಕೇಂದ್ರಕ್ಕೆ ಹೋಗಿ ಕೇಳಿ ಪಡೆಯಿರಿ.